ಟಿಕೀಟು ಕಿಂಡಿಯ ಚಿಟ್ಟೆಗಳು

ಟಿಕೀಟು ಕೊಡುವ ಕಿಂಡಿಯಲ್ಲಿ ಬೆಳ್ಳಗಿನದೇನೋ ಅಲುಗಿತು. ದಫೇದಾರ್ ಬೀರಲಿಂಗಯ್ಯ ಅದನ್ನು ನೋಡಿಯೂ ನೋಡದವನಂತೆ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಕೂತು ಬಲ ಮೊಣಕಾಲನ್ನು ಒತ್ತಿಕೊಳ್ಳತೊಡಗಿದ. ಚನ್ನಪಟ್ಟಣದಿಂದ ಹಳಿಯ ಪಕ್ಕದ ಕಾಲುದಾರಿಯಲ್ಲಿ ಸೈಕಲ್ಲನ್ನು ತುಳಿದದ್ದಕ್ಕಿಂತ ತಳ್ಳಿಕೊಂಡು ಬಂದದ್ದೇ ಹೆಚ್ಚು.

ಗಂಟೆ ಮೂರೂವರೆ. ನಾಲ್ಕು ಇಪ್ಪತ್ತಕ್ಕೆ ಬೆಂಗಳೂರು ಪ್ಯಾಸೆಂಜರು ಚನ್ನಪಟ್ಟಣ ಬಿಡುತ್ತದೆ. ಪೇದೆ ಕಾಳಯ್ಯ ವಹಾಬನ ಕೈಗೆ ಬೇಡಿ ಹಾಕಿ ಅದರಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ಹುಣಸೆಕಟ್ಟೆ ಸ್ಟೇಷನ್ನಿನ ಕಾವಲುಗಾರ ಲಕ್ಕಯ್ಯನನ್ನು ಕೊಂದವನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ವಹಾಬ್ ಎಂದು ಕಾಗದವಾಗಿಹೋಗಿದೆ. ಒಮ್ಮೆ ಬೆಂಗಳೂರಿನ ಜೈಲು ಸೇರಿದರೆ ಆ ಕಾಗದವನ್ನು ಹಿಂದಕ್ಕೆ ತರುವವರು ಯಾರೂ ಇಲ್ಲ. ಅದನ್ನು ಬರೆದದ್ದು ಬೀರಲಿಂಗಯ್ಯನ ಕೈಯೇ.

ಇವತ್ತು ಬೆಳಿಗ್ಗೆ ಔಟ್‌ಪೋಸ್ಟಿನ ಜಗುಲಿಯಲ್ಲಿ ವಹಾಬನ ಹೆಂಡತಿ ದಿಲ್ಶಾದ್ ಕೂತಿದ್ದಳು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ.

“ದಿನಾ ಸಾವಿರಗಟ್ಲೆ ಹುಳ ಕುದಿಯೋ ನೀರಿಗೆ ಹಾಕ್ತಾನೆ ಸಾಬ್, ನಿಜ. ಮನೇಲಿ ಕೋಳಿ ಕೊಯ್ಯೋದು ಮಾತ್ರ ನಾನು. ಅವನು ಗೋಡೆ ಕಡೆ ತಿರುಗಿ ನಿಂತ್ಕೋತಾನೆ. ನೀವೇ ಹೇಳಿ,” ಅಂದಿದ್ದಳು.

ಆ ಮಾತಿಗೇ ಬೀರಲಿಂಗಯ್ಯ, ಯಾರೂ ಹೋಗು ಅನ್ನದಿದ್ದರೂ, ಮುಗಿದ ಕೇಸಿನ ಜಾಗಕ್ಕೆ ಮತ್ತೆ ಬಂದು ಕೂತಿದ್ದ.

ಸ್ಟೇಷನ್ನು ಎಂಟು ವರ್ಷದಿಂದ ಮುಚ್ಚಿತ್ತು. ನೂರು ವರ್ಷದ ಹಿಂದಿನ ಧಾತು ಸಂವತ್ಸರದ ಬರದಲ್ಲಿ ಈ ರೈಲುದಾರಿಗೆ ಮಣ್ಣು ಹೊತ್ತವರಲ್ಲಿ ತನ್ನ ಅಜ್ಜಿಯ ತಾಯಿಯೂ ಒಬ್ಬಳೆಂದು ಬೀರಲಿಂಗಯ್ಯ ಕೇಳಿ ಬಲ್ಲ. ಮಣ್ಣು ಹೊತ್ತರೆ ಗಂಜಿ. ಆ ಗಂಜಿಯ ಕಾಲದ ಸೈಜುಗಲ್ಲಿನ ಗೋಡೆಗಳು ಇವತ್ತಿಗೂ ಒಂದು ಬಿರುಕು ಬಿಟ್ಟಿರಲಿಲ್ಲ. ಹೆದ್ದಾರಿಯಲ್ಲಿ ಬಸ್ಸುಗಳು ಹೆಚ್ಚಿ, ಇಲ್ಲಿ ಗಾಡಿ ಹತ್ತುವವರು ದಿನಕ್ಕೆ ನಾಲ್ಕು ಮಂದಿಗೆ ಇಳಿದಾಗ ರೈಲ್ವೆಯವರು ಗಂಟೆ ಬಿಚ್ಚಿಕೊಂಡು ಹೋದರು, ಲೂಪ್ ಲೈನಿನ ಹಳಿ ಕಿತ್ತುಕೊಂಡು ಹೋದರು. ಹೆಸರಿನ ಹಲಗೆ ಮತ್ತು ಲಕ್ಕಯ್ಯ ಮಾತ್ರ ಉಳಿದರು.

ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು ಕಾವಲುಗಾರನಾಗಿ ಹಳಿಯಾಚೆಯ ಕ್ವಾಟ್ರಸ್ಸಿನಲ್ಲೇ ಇದ್ದ. ನಿಲ್ಲದ ಗಾಡಿಗಳಿಗೂ ದಿನವೂ ಹಸಿರು ಬಾವುಟ ತೋರಿಸುತ್ತಿದ್ದ. ಯಾರೂ ಕೇಳಿರಲಿಲ್ಲ. ಡ್ರೈವರುಗಳು ಸಿಳ್ಳೆ ಹಾಕಿ ಹೋಗುತ್ತಿದ್ದರು.

ಹೋದ ಮಂಗಳವಾರ ನಸುಕಿನಲ್ಲಿ ತಿರುವಿನ ಹತ್ತಿರ ಹೆಣ ಸಿಕ್ಕಿತು. ರಾತ್ರಿಯ ಮೇಲ್ ಗಾಡಿ ಮುಖವನ್ನು ಉಳಿಸಿರಲಿಲ್ಲ. ನೀಲಿ ಅಂಗಿ, ಹಿತ್ತಾಳೆ ಬಿಲ್ಲೆ, ಪಕ್ಕದಲ್ಲಿ ಹಸಿರು ಬಾವುಟ. ಹೆಂಡತಿ ಪುಟ್ಟಗೌರಮ್ಮ ದೂರದಿಂದಲೇ ನೋಡಿ “ನಮ್ಮೋರೆಯ” ಅಂದಳು. ತಲೆಯ ಹಿಂದಿನ ಪೆಟ್ಟು ಗಾಡಿ ಹಾಯುವ ಮೊದಲೇ ಬಿದ್ದದ್ದು ಎಂದು ಡಾಕ್ಟರು ಬರೆದರು.

ಅಲ್ಲಿಂದ ಮುಂದಿನದೆಲ್ಲ ಒಬ್ಬನ ಮಾತಿನ ಮೇಲೆ ನಿಂತಿತ್ತು. ಆ ಒಬ್ಬ ಈಗ ಸ್ಟೇಷನ್ನಿನ ಹಿಂದಿನ ಹಿಪ್ಪುನೇರಳೆ ತೋಟದ ಕಡೆಯಿಂದ ಮಚ್ಚು ಹಿಡಿದು ಬರುತ್ತಿದ್ದ.

“ಏನ್ ದಫೇದಾರ್ರೆ, ಗಾಡಿಗೆ ಕಾಯ್ತಾ ಇದ್ದೀರಾ?” ಅಂದ ತಿಮ್ಮಯ್ಯ. “ಇಲ್ಲಿ ಕಾದು ಹತ್ತೋದಿಕ್ಕಿಂತ ಹಳಿಯೇ ಇಲ್ಲದ ಕನಕಪುರಕ್ಕೆ ರೈಲು ಬರೋದೇ ಬೇಗ ಆಯ್ತದೆ.”

“ಕಾಲು ನೋವು ಕಣಯ್ಯ. ಒಸಿ ಕೂತೆ.”

ತಿಮ್ಮಯ್ಯ ಐವತ್ತರ ಹತ್ತಿರದ ಒಕ್ಕಲು. ಎಂಟು ಎಕರೆ ರಾಗಿ ಹೊಲವನ್ನು ಮೂರು ವರ್ಷದಲ್ಲಿ ಹಿಪ್ಪುನೇರಳೆ ಮಾಡಿದ್ದ. ಈ ಸೀಮೆಯಲ್ಲಿ ಆಗ ಎಲ್ಲರೂ ಮಾಡಿದ್ದರು. ಸೊಪ್ಪು ಹೆಚ್ಚಿತು, ಹುಳಕ್ಕೆ ಮನೆ ಸಾಲದೆ ಹೋಯಿತು. ಜನ ದನದ ಕೊಟ್ಟಿಗೆಗೆ ಸುಣ್ಣ ಬಳಿದರು, ಹೆಂಡತಿ ಮಕ್ಕಳನ್ನು ಜಗುಲಿಗೆ ಹಾಕಿ ನಡುಮನೆಯನ್ನು ಹುಳಕ್ಕೆ ಬಿಟ್ಟರು. ಕಲ್ಲುಗೋಡೆಯ, ಎತ್ತರ ಮಾಡಿನ, ತಣ್ಣಗಿರುವ ವೇಟಿಂಗ್ ರೂಮು ಖಾಲಿ ಬಿದ್ದಿರುವುದನ್ನು ತಿಮ್ಮಯ್ಯನ ಕಣ್ಣು ಕಂಡೂ ಬಿಡುವುದು ಸಾಧ್ಯವೇ ಇರಲಿಲ್ಲ. ಅವನು ಬೀಗ ಒಡೆದು ಹುಳದ ತಟ್ಟೆಗಳನ್ನು ಜೋಡಿಸಿದ. ಲಕ್ಕಯ್ಯ ರೈಲ್ವೆಗೆ ದೂರು ಬರೆಸಿದ. ಅದರಿಂದಾಗಿ ಮೊದಲು ಅನುಮಾನ ಬಿದ್ದದ್ದು ತಿಮ್ಮಯ್ಯನ ಮೇಲೆಯೇ.

ಆದರೆ ಅವನ ಹತ್ತಿರ ಉತ್ತರವಿತ್ತು. ಸೋಮವಾರ ಹುಳ ಹಣ್ಣಾಗಿ ನೂಲಲು ಸಿದ್ಧವಾಗಿದ್ದವು, ಮಧ್ಯಾಹ್ನದಿಂದ ಸರಿರಾತ್ರಿಯವರೆಗೂ ಚಂದ್ರಿಕೆಗೆ ಬಿಡುತ್ತಿದ್ದೆ ಅಂದ. ಹಣ್ಣಾದ ಹುಳವನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿ ಸ್ವಂತ ಅಣ್ಣ ಸತ್ತರೂ ಮನುಷ್ಯ ಕದಲುವುದಿಲ್ಲ. ಅರ್ಧ ದಿನ ತಡವಾದರೆ ಹುಳ ತಟ್ಟೆಯಲ್ಲೇ ದಾರ ಉಗಿದು ಹಾಳಾಗುತ್ತದೆ. ಇನ್ಸ್‌ಪೆಕ್ಟರಿಂದ ಹಿಡಿದು ಟೀ ಅಂಗಡಿಯವನವರೆಗೂ ಆ ಮಾತನ್ನು ಒಪ್ಪಿದ್ದರು.

ಅದೇ ಉಸಿರಿನಲ್ಲಿ ತಿಮ್ಮಯ್ಯ ಇನ್ನೊಂದು ಮಾತು ಸೇರಿಸಿದ್ದ. ಮುಚ್ಚಂಜೆಯಲ್ಲಿ ಕಿಟಕಿಯಿಂದ ನೋಡಿದೆ, ವಹಾಬ್ ಸೈಕಲ್ಲು ಒರಗಿಸಿ ಲಕ್ಕಯ್ಯನ ಹಿಂದೆ ತಿರುವಿನ ಕಡೆ ಹೋದ, ಅಂತ.

ವಹಾಬನೂ ಬಂದದ್ದನ್ನು ಅಲ್ಲಗಳೆಯಲಿಲ್ಲ. “ಗೂಡು ನೋಡೋಕೆ ಬಂದಿದ್ದೆ ಸಾಬ್. ರೂಮಿಗೆ ಬೀಗ ಹಾಕಿತ್ತು. ವಾಪಸ್ ಹೋದೆ,” ಅಂದಿದ್ದ. ಹುಳ ಹಣ್ಣಾದ ಮನೆಗೆ ಬೀಗ ಹಾಕುವವರು ಉಂಟೇ? ಸುಳ್ಳು ಅಂತ ಬೀರಲಿಂಗಯ್ಯ ಬರೆದುಕೊಂಡಿದ್ದ.

ಕಿಂಡಿಯಲ್ಲಿ ಮತ್ತೆ ಬೆಳ್ಳಗಿನದು ಪಟಪಟ ಅಂದಿತು. ಈ ಸಲ ಅವನು ಎದ್ದು ಹೋದ.

ಚಿಟ್ಟೆ. ರೇಷ್ಮೆಯ ಚಿಟ್ಟೆ. ದಪ್ಪ ಹೊಟ್ಟೆ, ಹಾರಲಾರದ ರೆಕ್ಕೆ, ಇದ್ದ ಜಾಗದಲ್ಲೇ ನಡುಗುತ್ತ ಸುತ್ತು ಹಾಕುತ್ತಿತ್ತು. ಕಿಂಡಿಯ ಕಲ್ಲಿನ ಮೇಲೆ ಇನ್ನೂ ನಾಲ್ಕೈದು. ಒಂದು ಆಗಲೇ ಸಾಸಿವೆ ಕಾಳಿನಂಥ ಹಳದಿ ಮೊಟ್ಟೆಗಳನ್ನು ಸಾಲಾಗಿ ಇಟ್ಟು ಪಕ್ಕಕ್ಕೆ ಬಿದ್ದಿತ್ತು.

ಬೀರಲಿಂಗಯ್ಯ ಬೆರಳ ಮೇಲೆ ಒಂದನ್ನು ಹತ್ತಿಸಿಕೊಂಡ. ಎಷ್ಟೋ ಹೊತ್ತು ನೋಡಿದ. ಮನಸ್ಸಿನಲ್ಲಿ ದಿನ ಎಣಿಸುತ್ತಿದ್ದ. ಎಣಿಸಿದಷ್ಟೂ ದಣಿವು ಹೆಚ್ಚಿತು.

“ಒಳಗೆ ಬರ್ಲಾ ತಿಮ್ಮಯ್ಯ?”

“ಬನ್ನಿ. ಈಗ ಮನೆ ಖಾಲಿ. ಬೀಡಿ ಇದ್ರೂ ಬನ್ನಿ.”

ಆ ಮಾತು ಚುಚ್ಚಿತು. ಹೋದ ಮಂಗಳವಾರ ಇದೇ ಬಾಗಿಲಿಗೆ ಅವನು ಬಂದಿದ್ದ. ತಿಮ್ಮಯ್ಯ ಬಾಗಿಲನ್ನು ಒಂದು ಗೇಣು ತೆಗೆದು, “ಹುಳ ನೂಲ್ತಾ ಅವೆ ದಫೇದಾರ್ರೆ, ನಿಮ್ಮ ಮೈಯೆಲ್ಲ ಬೀಡಿ ವಾಸನೆ,” ಅಂದಿದ್ದ. ಬೀರಲಿಂಗಯ್ಯ ತಪ್ಪಾಯಿತೆಂದು ಹಿಂದೆ ಸರಿದಿದ್ದ. ಬೇರೆ ಸೀಮೆಯ ಪೊಲೀಸಿನವನಾಗಿದ್ದರೆ ಬಾಗಿಲನ್ನು ಒದ್ದು ಒಳಹೋಗುತ್ತಿದ್ದ. ಹದಿನೈದು ವರ್ಷ ಹೆಂಡತಿ ಮಾಯಮ್ಮ ಹುಳ ಸಾಕಿದ ಮನೆಯಲ್ಲಿ ಅಂಗಳದಾಚೆ ನಿಂತು ಬೀಡಿ ಸೇದಿ, ಕೈಕಾಲು ತೊಳೆದು ಒಳಬಂದ ಅಭ್ಯಾಸ ಅವನ ಕಾಲನ್ನು ಹೊಸ್ತಿಲಲ್ಲೇ ಕಟ್ಟಿಹಾಕಿತ್ತು.

ಒಳಗೆ ಹಳೆಯ ಸೊಪ್ಪಿನ ಹುಳಿ ವಾಸನೆ. ಬೆಳೆ ಎತ್ತಿದ ಮಾರನೆಯ ದಿನವೇ ತೊಳೆದು ಸುಣ್ಣ ಹೊಡೆಯುವ ತಿಮ್ಮಯ್ಯ ಈ ಸಲ ಪೊರಕೆಯನ್ನೂ ಆಡಿಸಿರಲಿಲ್ಲ. ಗೋಡೆಗೆ ಒರಗಿಸಿದ ಚಂದ್ರಿಕೆಗಳಲ್ಲಿ ಮಾರಾಟಕ್ಕಾಗದೆಂದು ಬಿಡಿಸದೆ ಬಿಟ್ಟ ಕಲೆಗೂಡುಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಎಲ್ಲದರ ತುದಿಯೂ ತೂತು.

ಬೀರಲಿಂಗಯ್ಯ ಒಂದು ತೂತುಗೂಡನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು, ಪ್ರಯಾಣಿಕರಿಗಾಗಿ ನೂರು ವರ್ಷದ ಹಿಂದೆ ಹಾಕಿದ್ದ ತೇಗದ ಬೆಂಚಿನ ಮೇಲೆ ಕೂತ.

“ಇದು ಯಾವತ್ತು ಬಿಟ್ಟ ಹುಳ?”

“ಹೇಳಿವ್ನಲ್ಲ. ಹೋದ ಸೋಮವಾರ.”

“ಇವತ್ತಿಗೆ ಎಷ್ಟು ದಿನ ಆಯ್ತು?”

“ಏಳು.”

“ಮೂರು ದಿನ ನೂಲ್ತದೆ. ಆಮೇಲೆ ಒಳಗೆ ಕೋಶ ಆಗಿ ಮಲಗ್ತದೆ. ಎಷ್ಟು ದಿನಕ್ಕೆ ಚಿಟ್ಟೆ ಬತ್ತದೆ ತಿಮ್ಮಯ್ಯ?”

ತಿಮ್ಮಯ್ಯ ಮಚ್ಚನ್ನು ಕೆಳಗಿಟ್ಟ. “ಈ ಸಲ ಬಿಸಿಲು ಜಾಸ್ತಿ. ಬೇಗ ಬಂದವೆ.”

“ಏಳು ದಿನಕ್ಕೆ?”

“ಬಂದವಲ್ಲ, ನೀವೇ ನೋಡ್ತಾ ಇದ್ದೀರಿ.”

“ನನ್ನ ಮಾಯಮ್ಮ ಇದ್ದಿದ್ರೆ ನಿನ್ನ ಮಾತು ಕೇಳಿ ನಗ್ತಿದ್ಲು. ಹನ್ನೊಂದು, ಹನ್ನೆರಡು ದಿನ ಬೇಕು ಕಣಯ್ಯ. ಬಿಸಿಲಾಗ್ಲಿ ಬೆಂಕಿಯಾಗ್ಲಿ. ಹುಳಕ್ಕೆ ಸುಳ್ಳು ಹೇಳಿಕೊಡಕ್ಕಾಗಲ್ಲ. ಇವು ಅದರ ಹಿಂದಿನ ಬುಧವಾರವೇ ಚಂದ್ರಿಕೆ ಹತ್ತಿದ ಹುಳ. ಸೋಮವಾರಕ್ಕೆ ಇಲ್ಲಿ ಬಿಡೋ ಹುಳಾನೇ ಇರ್ಲಿಲ್ಲ.”

ಹೊರಗೆ ಗೂಡ್ಸ್ ಗಾಡಿಯೊಂದು ಮೈಸೂರಿನ ಕಡೆ ಹಾದುಹೋಯಿತು. ಕಲ್ಲುಗೋಡೆ ಸಣ್ಣಗೆ ನಡುಗಿತು. ಸಿಳ್ಳೆ ಹಾಕಲಿಲ್ಲ. ಬಾವುಟ ತೋರಿಸುವವನಿಲ್ಲವಲ್ಲ.

“ಸೋಮವಾರ ಬೆಳಿಗ್ಗೆ ಗೂಡು ಬಿಡಿಸಿ ರಾಮನಗರಕ್ಕೆ ಹಾಕ್ಬುಟ್ಟೆ,” ಅಂದ ತಿಮ್ಮಯ್ಯ. ದನಿ ಇಳಿದಿತ್ತು. “ಬಾಗ್ಲಿಗೆ ಬೀಗ ಹಾಕಿದ್ದೆ.”

“ಹಂಗಾದ್ರೆ ವಹಾಬ್ ಹೇಳಿದ್ದು ನಿಜ.”

“ಹೂಂ.”

“ಅವನು ಲಕ್ಕಯ್ಯನ ಹಿಂದೆ ಹೋಗಿದ್ದನ್ನ ನೋಡ್ದೆ ಅಂದೆಯಲ್ಲ?”

“ಸೈಕಲ್ ತಿರುಗಿಸ್ಕೊಂಡು ಹೋಗಿದ್ದು ನೋಡ್ದೆ. ರಾಮನಗರದ ಕಡೆ.”

“ಮತ್ತೆ ಅವನ ಹೆಸರು ಯಾಕೆ ಹೇಳ್ದೆ?”

“ಎರಡು ತಿಂಗ್ಳ ಹಿಂದೆ ಮಾರ್ಕೆಟ್ಟಲ್ಲಿ ನನ್ನ ಗೂಡನ್ನ ಕಿವಿ ಹತ್ರ ಹಿಡ್ದು ಅಲ್ಲಾಡಿಸ್ದ. ಬಲಿತ ಗೂಡಾದ್ರೆ ಗಲಗಲ ಅನ್ಬೇಕು, ಸದ್ದೇ ಇಲ್ವಲ್ಲ ಗೌಡ್ರೆ, ಹುಳಾನ ನಿದ್ದೆಯಿಂದ ಎಬ್ಬಿಸ್ಕೊಂಡು ಬಂದ್ರಾ ಅಂತ ನಕ್ಕ. ನೂರು ಜನ ನಕ್ಕರು. ನೀವು ಯಾರನ್ನ ನೋಡ್ದೆ ಅಂತ ಕೇಳಿದಾಗ ಬಾಯಿಗೆ ಅದೇ ಹೆಸ್ರು ಬಂತು.”

“ಅಷ್ಟೇನಾ?”

“ಅಷ್ಟೇಯ.”

ಬೀರಲಿಂಗಯ್ಯನಿಗೆ ಕೋಪ ಬರಬೇಕಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಅಷ್ಟೇಗಳನ್ನು ಎಷ್ಟು ಕೇಳಿದ್ದನೋ. ಅವನ ಕಣ್ಣು ಬೆಂಚಿನ ಕೆಳಗೆ ಹೋಯಿತು. ಅಲ್ಲೊಂದು ಚಾಪೆ ಸುತ್ತಿಟ್ಟಿತ್ತು. ಪಕ್ಕದಲ್ಲಿ ಮುದ್ದೆಯ ಚೂರು ಒಣಗಿ ಹತ್ತಿದ ಅಲ್ಯೂಮಿನಿಯಂ ತಟ್ಟೆ. ಹುಳದ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

“ಬೆಳೆ ಎತ್ತಿದ ಮೇಲೆ ಇಲ್ಲಿ ಯಾರನ್ನ ಇಟ್ಕೊಂಡಿದ್ದೆ?”

ತಿಮ್ಮಯ್ಯ ಕಾಲಿನಿಂದ ಚಾಪೆಯನ್ನು ಬೆಂಚಿನಡಿಗೆ ಇನ್ನಷ್ಟು ತಳ್ಳಿದ.

“ತಿಮ್ಮಯ್ಯ, ಇನ್ನು ಅರ್ಧ ಗಂಟೇಲಿ ಒಬ್ಬ ಅಮಾಯಕ ಈ ಬಾಗಿಲ ಮುಂದೇನೇ ಹೋಯ್ತಾನೆ.”

“ನಾನು ಹೇಳಂಗಿಲ್ಲ ದಫೇದಾರ್ರೆ. ಕಬ್ಬಾಳಮ್ಮನ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿವ್ನಿ. ನನ್ನ ಮೇಲಲ್ಲ, ಮೊಮ್ಮಗಳ ಮೇಲೆ. ನಾನು ಕೊಂದೆನಾ ಅಂತ ಕೇಳಿ, ಇಲ್ಲ ಅಂತ ಈಗ್ಲೇ ಹೇಳ್ತೀನಿ. ಹುಳ ಬಿಡ್ತಿದ್ದೆ ಅಂತ ಹೇಳು ಅಂದ ಬುದ್ಧಿ ನಂದಲ್ಲ. ಅಷ್ಟು ಮಾತ್ರ ಹೇಳ್ಬೌದು.”

“ಆಣೆ ಮಾಡಿಸ್ದೋರು ಯಾರು?”

ತಿಮ್ಮಯ್ಯನ ಕಣ್ಣು ಬಾಗಿಲಾಚೆ, ಹಳಿಯಾಚೆ ಹೋಯಿತು. ಅಲ್ಲಿ ಕ್ವಾಟ್ರಸ್ಸಿನ ಮುಂದೆ ಪುಟ್ಟಗೌರಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು.

ಗಂಟೆ ನಾಲ್ಕು ದಾಟಿತ್ತು. ಚನ್ನಪಟ್ಟಣ ಐದು ಮೈಲಿ. ಈ ಕಾಲಿಗೆ ಅದು ಐವತ್ತು. ಫೋನಿನ ತಂತಿಯನ್ನು ಎಂಟು ವರ್ಷದ ಹಿಂದೆಯೇ ಸುತ್ತಿಕೊಂಡು ಹೋಗಿದ್ದರು. ಇರುವುದು ಒಂದೇ ದಾರಿ, ಗಾಡಿಯನ್ನು ಇಲ್ಲೇ ನಿಲ್ಲಿಸುವುದು. ಅದಕ್ಕೆ ಬೇಕಾದದ್ದು ಒಂದು ಕೆಂಪು ಬಾವುಟ.

ಅದು ಹೊಳೆದ ಕೂಡಲೇ ಇನ್ನೊಂದೂ ಹೊಳೆಯಿತು. ಮಹಜರಿನಲ್ಲಿ ಅವನೇ ಬರೆಸಿದ್ದ, ‘ಹಸಿರು ಬಾವುಟ ಒಂದು’. ಲೈನಿನ ಮನುಷ್ಯ ಹಸಿರು ಕೆಂಪು ಎರಡನ್ನೂ ಒಟ್ಟಿಗೇ ಸುತ್ತಿ ಕಂಕುಳಲ್ಲಿಟ್ಟುಕೊಳ್ಳುತ್ತಾನೆ. ಕೆಂಪು ಎಲ್ಲಿ ಹೋಯಿತೆಂದು ಅವನು ಕೇಳಿರಲೇ ಇಲ್ಲ.

ಜಲ್ಲಿಯ ಮೇಲೆ ಕಾಲೆಳೆಯುತ್ತ ಹಳಿ ದಾಟಿದ.

“ಬನ್ನಣ್ಣ,” ಅಂದಳು ಪುಟ್ಟಗೌರಮ್ಮ. ಇಬ್ಬರದೂ ಒಂದೇ ಕುಲ. ಅವಳ ತವರು ಕೋಡಿಹಳ್ಳಿಯಾದರೆ ಅವನ ಕುರಿಹಟ್ಟಿ ಅಲ್ಲಿಂದ ಎರಡು ಗುಡ್ಡದಾಚೆ. ಕೈತುಂಬ ಹಸಿರು ಬಳೆ ಹಾಗೆಯೇ ಇದ್ದವು. ಅದು ಸರಿ, ಅವನ್ನು ತೆಗೆಯುವುದು ತಿಥಿಯ ದಿನ. ಆದರೆ ಮೂರನೆಯ ದಿನ ಗುಡ್ಡೆಗೆ ಹಾಲು-ತುಪ್ಪ ಬಿಡಬೇಕಿತ್ತು. ಹೆಣ ಹೂಳಿದ ಮಣ್ಣಿನ ಮೇಲೆ ಒಂದು ಮಿಳ್ಳೆ ಹಾಲು ಬೀಳದೆ ಒಲೆ ಹಚ್ಚುವವರಿಲ್ಲ. ಅವಳು ಬಿಟ್ಟಿರಲಿಲ್ಲ. ಕೇಳಿದ್ದಕ್ಕೆ, ಉಯ್ಯಂಬಳ್ಳಿಯಿಂದ ಮೈದುನ ಬರಲಿ ಅಂದಿದ್ದಳು.

“ಮೈದ ಬಂದ್ನಾ ತಾಯಿ?”

“ಇಲ್ಲ ಕಣಣ್ಣ.”

“ಒಂದು ಕೆಂಪು ಬಾವುಟ ಬೇಕಿತ್ತು. ಪ್ಯಾಸೆಂಜರ್ ನಿಲ್ಲಿಸ್ಬೇಕು. ವಹಾಬ್ ತಪ್ಪಿಲ್ಲ.”

ಮೊರ ನಿಂತಿತು. ಅವಳು ಅವನ ಮುಖ ನೋಡಿದಳು, ಆಮೇಲೆ ಹಳಿಯಾಚೆ ಬಾಗಿಲಲ್ಲಿ ನಿಂತ ತಿಮ್ಮಯ್ಯನನ್ನು.

“ಆ ಸಾಬಣ್ಣನ ಹೆಂಡ್ತಿ ನೆನ್ನೆ ಬಂದಿದ್ಲು,” ಅಂದಳು. “ಬೈತಾಳೆ ಅನ್ಕೊಂಡೆ. ಬೈಲಿಲ್ಲ. ಈ ಕಲ್ಲ ಮೇಲೆ ಕೂತು ಒಂದು ಚೊಂಬು ನೀರು ಇಸ್ಕೊಂಡು ಕುಡುದ್ಲು. ಎದ್ದೋದ್ಲು. ರಾತ್ರಿಯೆಲ್ಲ ನಂಗೆ ಅದೇಯ.”

ಒಳಗೆ ಹೋಗಿ ರಾಗಿ ತುಂಬಿದ ಮಣ್ಣಿನ ವಾಡೆಯ ಮುಚ್ಚಳ ತೆಗೆದ ಸದ್ದಾಯಿತು. ಹೊರಬಂದಾಗ ಅವಳ ಕೈಯಲ್ಲಿ ಬಾವುಟವಿತ್ತು. ಕೆಂಪು ಮಾಸಿತ್ತು. ಒಂದು ಮೂಲೆಗೆ ಹಳದಿ ಸೀರೆಯ ತೇಪೆ.

ಬೀರಲಿಂಗಯ್ಯ ಕೈ ಚಾಚಿದ. ಅವಳು ಕೊಡಲಿಲ್ಲ.

“ಈ ಕಾಲಲ್ಲಿ ನೀವು ನಿಂತ್ರೆ ಗಾಡಿ ಬಂದಾಗ ಸರಿಯೋಕಾಗಲ್ಲ. ನಾನೇ ತೋರಿಸ್ತೀನಿ ಬುಡಿ.”

ತಿರುವಿನಾಚೆ ಹೊಗೆ ಕಂಡಿತು. ಪುಟ್ಟಗೌರಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿ ಹಳಿಗಳ ನಡುವೆ ನಡೆದಳು. ಹೊಸದಾಗಿ ಬಾವುಟ ಹಿಡಿದವರ ಹಾಗೆ ಬೀಸಲಿಲ್ಲ. ತೋಳನ್ನು ನೇರ ಚಾಚಿ, ಬಟ್ಟೆ ಪೂರಾ ಬಿಚ್ಚಿಕೊಳ್ಳುವಂತೆ ಹಿಡಿದು, ಮೆಲ್ಲಗೆ ಅತ್ತಿತ್ತ ಆಡಿಸಿದಳು. ಸಿಳ್ಳೆ ಒಂದು ಸಲ ಉದ್ದಕ್ಕೆ ಕೂಗಿತು. ಚಕ್ರಗಳು ಕಿರುಗುಟ್ಟಿದವು. ಎಂಟು ವರ್ಷದ ಹಿಂದೆ ಮುಚ್ಚಿದ ಪ್ಲಾಟ್‌ಫಾರಮ್ಮಿಗೆ ಎಂಜಿನ್ನು ಉಸಿರು ಬಿಡುತ್ತ ಬಂದು ನಿಂತಿತು.

ಕಿಟಕಿಗಳಲ್ಲಿ ತಲೆಗಳು ಮೂಡಿದವು. ಮೂರನೆಯ ಬೋಗಿಯ ಬಾಗಿಲಲ್ಲಿ ಕಾಳಯ್ಯ, ಅವನ ಹಿಂದೆ ವಹಾಬನ ಗಡ್ಡದ ಮುಖ. ಬೀರಲಿಂಗಯ್ಯ ಇಳಿಸು ಎಂದು ಕೈಸನ್ನೆ ಮಾಡಿದ. ಒಂದು ತಪ್ಪಾದರೂ ಜೈಲಿನ ಬಾಗಿಲು ಮುಟ್ಟುವ ಮೊದಲೇ ಕೈಗೆ ಸಿಕ್ಕಿತು.

ಅಷ್ಟರಲ್ಲಿ ಎಂಜಿನ್ನಿನ ಮೇಲಿಂದ ಡ್ರೈವರು ಹೊರಕ್ಕೆ ಬಾಗಿದ. ಮಸಿ ಮೆತ್ತಿದ, ನಗುಮುಖದ ಮನುಷ್ಯ. ಖಾಕಿ ಬಟ್ಟೆಯ ದಫೇದಾರ್ ಕಂಬದ ಮರೆಗಿದ್ದದ್ದು ಅವನಿಗೆ ಕಾಣಲಿಲ್ಲ. ಅವನು ನೋಡುತ್ತಿದ್ದದ್ದು ಹಳದಿ ತೇಪೆಯ ಬಾವುಟವನ್ನು.

“ಏನಮ್ಮಾ,” ಅಂದ ಸಲಿಗೆಯಿಂದ. “ಇವತ್ತು ಯಾರನ್ನ ಹತ್ತಿಸ್ಬೇಕು?”

ಪುಟ್ಟಗೌರಮ್ಮನ ತೋಳು ಕೆಳಗಿಳಿಯಿತು.

ಬೀರಲಿಂಗಯ್ಯ ಕಂಬದ ಮರೆಯಿಂದ ಈಚೆ ಬಂದ. “ಇವತ್ತು ಅಂದ್ರೆ? ಇದಕ್ಕೆ ಮೊದಲು ಯಾವತ್ತು ಹತ್ತಿಸಿದ್ರಿ?”

ಖಾಕಿ ನೋಡಿ ಡ್ರೈವರನ ನಗು ಆರಿತು. “ಸ್ವಾಮಿ, ಬರೆದುಕೊಳ್ಳಬೇಡಿ. ನಾವೂ ಬರೆದಿಲ್ಲ. ನಿಲ್ಲಿಸಿದ್ದನ್ನ ಬರೆದರೆ ಹತ್ತು ಕಾಗದಕ್ಕೆ ಉತ್ತರ ಕೊಡಬೇಕು ಅಂತ ಗಾರ್ಡೂ ನಾನೂ ಸುಮ್ಮನಾದ್ವಿ. ಹೋದ ಸೋಮವಾರ, ಇದೇ ಗಾಡಿ. ಮಾರನೇ ದಿನದಿಂದ ನಂಗೆ ಹಾಸನದ ಕಡೆ ಡ್ಯೂಟಿ ಬಿತ್ತು, ಇವತ್ತೇ ಈ ಲೈನಿಗೆ ವಾಪಸ್ ಬಂದಿದ್ದು. ನಮ್ಮ ಬಾವುಟದ ಯಜಮಾನರಲ್ವಾ, ಇಷ್ಟು ವರ್ಷ ಬಿಸಿಲು ಮಳೆ ಅನ್ನದೆ ನಮಗೆ ಹಸಿರು ತೋರಿಸಿದೋರು? ಮೈಮೇಲೆ ಅಂಗಿ ಇರಲಿಲ್ಲ, ಕಂಬಳಿ ಹೊದ್ದಿದ್ರು. ಈ ಅಮ್ಮನೇ ಕೈ ಹಿಡಿದು ಹತ್ತಿಸಿದ್ದು. ಹುಷಾರಾಗವ್ರಾ ಈಗ?”

ಎಂಜಿನ್ನು ಬುಸುಗುಟ್ಟುತ್ತಿತ್ತು. ತಿಮ್ಮಯ್ಯ ವೇಟಿಂಗ್ ರೂಮಿನ ಹೊಸ್ತಿಲಲ್ಲಿ ಕುಸಿದು ಕೂತು ಟವಲಿನಿಂದ ಮುಖ ಮುಚ್ಚಿಕೊಂಡ. ಬೇಡಿಯ ಕೈಗಳನ್ನು ಮುಂದೆ ಹಿಡಿದು ಇಳಿಯುತ್ತಿದ್ದ ವಹಾಬ್ ಮೆಟ್ಟಿಲ ಮೇಲೆಯೇ ನಿಂತ.

ಬೀರಲಿಂಗಯ್ಯ ಹುಣಸೆಮರದ ಕೆಳಗಿನ ಹಸಿ ಗುಡ್ಡೆಯ ಕಡೆ ತಿರುಗಿ ನೋಡಿದ. ತಾನೇ ಮುಂದೆ ನಿಂತು ಮಣ್ಣು ಹಾಕಿಸಿದ ಗುಡ್ಡೆ, ಒಳಗೆ ಲಕ್ಕಯ್ಯನ ಅಂಗಿ ತೊಟ್ಟ ಬೇರೆ ಯಾರೋ. ಆಮೇಲೆ ಪುಟ್ಟಗೌರಮ್ಮನ ಕಡೆ. ಏನು ಕೇಳಬೇಕೋ ತಿಳಿಯದೆ, ನಾಲಿಗೆಗೆ ಬಂದದ್ದನ್ನೇ ಕೇಳಿದ.

“ಹಾಲು-ತುಪ್ಪ ಯಾಕೆ ಬಿಡ್ಲಿಲ್ಲ ತಾಯಿ?”

ಅವಳು ಬಾವುಟವನ್ನು ಮೆಲ್ಲಗೆ ಕೋಲಿಗೆ ಸುತ್ತಿದಳು. ಬಳೆಗಳು ಸದ್ದು ಮಾಡಿದವು.

“ಯಾರ ಹೆಸ್ರು ಹೇಳಿ ಬುಡ್ಲಣ್ಣ? ಅವನ ಹೆಸ್ರು ನಂಗೂ ಗೊತ್ತಿಲ್ಲ.”